ಬೆಂಜ್ ಕಾರು ಮತ್ತು ಬಲಗಡೆಯ ಸೀಟು

ಹೋದ ತಿಂಗಳು ಒಂದೇ ದಿನ ನನಗೆ ಎರಡು ಫೋನು ಬಂದವು. ಎರಡೂ ಕಾರಿನ ವಿಷಯವೇ. ಮಾವಿನ ಮಿಡಿಗೆ ಎಷ್ಟು ಉಪ್ಪು ಹಾಕಬೇಕು ಎಂದು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳಿಯೇನು. ಕಾರಿನ ವಿಷಯ ಹೊನ್ನಾವರದ ಈ ಅಜ್ಜಿಗೆ ಎಂತ ಗೊತ್ತು ಹೇಳಿ? ಆದರೆ ಕೇಳಿದವರಿಗೆ "ಗೊತ್ತಿಲ್ಲ" ಎಂದು ಹೇಳಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ ಎಂಬುದು ಈ ಅಂಕಣ ಓದುವ ನಿಮಗೆಲ್ಲ ತಿಳಿದದ್ದೇ!

ಮೊದಲನೆಯ ಫೋನು ಕುಮಟೆಯಿಂದ, ಮಗಳದ್ದು. "ಅಮ್ಮಾ, ಕಾರು ತಗೊಳ್ಳುದು ಅಂತ ಆಗಿದೆ. ಇವರಿಗೆ ಸೆಡಾನೇ ಆಗಬೇಕಂತೆ. ಮಾವನವರಿಗೆ ಎತ್ತರದ ಎಸ್‌ಯುವಿ ಬೇಕಂತೆ. ನನಗೆ ಸಣ್ಣದೊಂದು ಸಾಕು ಅನ್ನಿಸ್ತದೆ. ನೀ ಎಂತ ಹೇಳ್ತೀ?" ನಾಳೆ ಹೇಳುತ್ತೇನೆ ಎಂದೆ.

ಎರಡನೆಯದು ಭಟ್ಕಳದಿಂದ, ನನ್ನ ಹಳೆಯ ಗೆಳತಿಯದು. ನವಾಯತರ ಮನೆಯ ಹೆಣ್ಣುಮಗಳು. ನಮ್ಮವರಿಗೆ ಭಟ್ಕಳದಲ್ಲಿ ಮಾಸ್ತರಿಕೆ ಇದ್ದಾಗ ನಾವು ಬಾಡಿಗೆಗಿದ್ದ ಮನೆಯ ಹಿತ್ತಿಲು, ಅವಳ ಮನೆಯ ಹಿತ್ತಿಲು ಎರಡಕ್ಕೂ ಒಂದೇ ಬೇಲಿ. ಆ ಬೇಲಿಯ ಮೇಲಿನಿಂದ ಬಟ್ಟಲುಗಟ್ಟಲೆ ಸಾರು, ಮೊಳದಗಟ್ಟಲೆ ಮಲ್ಲಿಗೆ ದಾಟಿವೆ. ಅವಳ ಯಜಮಾನರು 2023ರ ಬೇಸಿಗೆಯಲ್ಲಿ ತೀರಿಕೊಂಡರು. ಈಗ ಮಕ್ಕಳಿಬ್ಬರೂ ಊರಿಗೆ ಬಂದಿದ್ದಾರಂತೆ.

"ಅವರ ಕಾರಿನದ್ದೇ ಗಲಾಟೆ" ಎಂದಳು. "ದೊಡ್ಡವ ಗುಜರಿಗೆ ಹಾಕಿ ಶೆಡ್ ಖಾಲಿ ಮಾಡುವ ಅಂತಾನೆ. ಸಣ್ಣವ ಬೆಂಗಳೂರಿನಲ್ಲಿ ಹಳೇ ಕಾರು ಕೊಳ್ಳುವವರು ಇದ್ದಾರೆ, ಒಳ್ಳೇ ದುಡ್ಡು ಕೊಡ್ತಾರೆ ಅಂತಾನೆ. ಮೂರು ದಿನದಿಂದ ಇದೇ ಮಾತು. ನನ್ನ ಹತ್ರ ಮಾತ್ರ ಯಾರೂ ಕೇಳಲಿಲ್ಲ ನೋಡು. ನೀ ಒಮ್ಮೆ ಬಂದು ಹೋಗು ಮಾರಾಯ್ತಿ."

ಕೊನೆಯ ಮಾತು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮನೆಯಲ್ಲಿದ್ದ ನಾಲ್ಕು ತೊಡದೇವು ಡಬ್ಬಿಗೆ ಹಾಕಿಕೊಂಡು ಮರುದಿನ ಬೆಳಿಗ್ಗೆಯ ಬಸ್ಸು ಹತ್ತಿದೆ.

ಶೆಡ್ಡಿನಲ್ಲಿ ನಿಂತದ್ದು

ಟಾರ್ಪಾಲಿನ ಕೆಳಗೆ ಕಾರು ಹಾಗೇ ಇತ್ತು. ಉದ್ದನೆಯ ಮೈ, ದಂತದ ಬಣ್ಣ, ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ. ಹಿಂದೆ ಡಿಕ್ಕಿಯ ಬದಲು ಮೇಲಕ್ಕೆ ತೆರೆಯುವ ದೊಡ್ಡ ಬಾಗಿಲು. ಅದರ ಮೇಲೆ "300 ಟಿಡಿ" ಎಂಬ ಅಕ್ಷರ. 1982ರ ಮರ್ಸಿಡಿಸ್-ಬೆಂಜ್.

ಅವಳ ಯಜಮಾನರು ದುಬೈಯಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ನಾವು ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದದ್ದು. ಊರು ಬಿಟ್ಟು ಹೊರಟ ಒಬ್ಬ ಜರ್ಮನ್ ಇಂಜಿನಿಯರನಿಂದ ಈ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. 1988ರಲ್ಲಿ ಕೆಲಸ ಬಿಟ್ಟು ಕಾಯಮ್ಮಾಗಿ ಊರಿಗೆ ಬಂದಾಗ, ಸುಂಕ ಕಟ್ಟಿ, ಮುಂಬಯಿಯ ಬಂದರಿನಲ್ಲಿ ಇಳಿಸಿಕೊಂಡು ತಂದರು. ಆಗೆಲ್ಲ ಗಲ್ಫಿನಿಂದ ಬಂದವರ ಮನೆಯಲ್ಲಿ ಟೇಪ್‌ರೆಕಾರ್ಡರು, ಮಿಕ್ಸಿ, ಸೆಂಟಿನ ಬಾಟಲಿ ನೋಡಲಿಕ್ಕೆ ಜನ ಹೋಗುತ್ತಿದ್ದರು. ಇವರ ಮನೆಗೆ ಕಾರು ನೋಡಲಿಕ್ಕೆ ಬಂದರು.

ಈ ಕಾರಿನಲ್ಲೊಂದು ವಿಚಿತ್ರ. ಅರಬ್ ದೇಶದಲ್ಲಿ ಗಾಡಿ ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ಸ್ಟಿಯರಿಂಗ್ ಎಡಗಡೆ. ನಮ್ಮಲ್ಲಿ ರಸ್ತೆಯ ಎಡಬದಿಯಲ್ಲಿ ಓಡುವಾಗ ಅಂಥ ಕಾರಿನ ಡ್ರೈವರನಿಗೆ ಮುಂದಿನ ಲಾರಿಯಾಚೆ ಎದುರಿನಿಂದ ಬರುವುದು ಕಾಣುವುದೇ ಇಲ್ಲ. ಕಾಣುವುದು ಬಲಗಡೆ ಕೂತವರಿಗೆ! ಹಾಗಾಗಿ ಲಾರಿ ದಾಟುವಾಗಲೆಲ್ಲ ನನ್ನ ಗೆಳತಿ ಕತ್ತು ಚಾಚಿ "ಬೇಡ, ಬಸ್ಸುಂಟು... ಹಾಂ, ಈಗ ಹೋಗಿ" ಎಂದು ಹೇಳಬೇಕಾಗಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆ ಹೇಳಿದ್ದಾಳೆ. ಕಾಲು ಅವರದು, ಕಣ್ಣು ಇವಳದು.

ಹೆಣ್ಣುಮಕ್ಕಳ ಹೆಸರಿನ ಕಾರು

ನಮ್ಮ ಬಾಲ್ಯದಲ್ಲಿ ಬೆಂಜ್ ಎಂದರೆ ಲಾರಿ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯ ಜೊತೆ ಕೂಡಿ ಲಾರಿ ಮಾಡತೊಡಗಿದರು. 1969ರವರೆಗೆ ಆ ಒಪ್ಪಂದವಿತ್ತು. ಕುಮಟೆಯ ಪೇಟೆಯಲ್ಲಿ ಅಪ್ಪಯ್ಯನ ಕೈ ಹಿಡಿದು ನಿಂತಾಗ ಹೆಂಚು ಹೇರಿಕೊಂಡು ಹೋಗುವ ಲಾರಿಯ ಮೂತಿಯ ಮೇಲೆ ನಾನು ಮೊದಲು ಆ ನಕ್ಷತ್ರ ನೋಡಿದ್ದು. ಅದೇ ನಕ್ಷತ್ರದ ಕಾರಿನಲ್ಲಿ ಶ್ರೀಮಂತರು ಓಡಾಡುತ್ತಾರೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಆದರೆ ಈ ಮರ್ಸಿಡಿಸ್ ಎಂಬುದು ಒಬ್ಬ ಹುಡುಗಿಯ ಹೆಸರು ಎಂದು ನಿಮಗೆ ಗೊತ್ತೇ? ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿ ಡೈಮ್ಲರ್ ಕಾರುಗಳನ್ನು ಮಾರುತ್ತಿದ್ದ. 1901ರ ಹೊಸ ಕಾರಿಗೆ ತನ್ನ ಮಗಳ ಹೆಸರೇ ಆಗಬೇಕೆಂದು ಹಟ ಹಿಡಿದ. ಆಕೆ 1889ರಲ್ಲಿ ಹುಟ್ಟಿದವಳು. ಆಗಿನ್ನೂ ಸಣ್ಣ ಹುಡುಗಿ.

ಬೆಂಜ್ ಎಂಬ ಹೆಸರಿನ ಹಿಂದೆಯೂ ಒಬ್ಬ ಗಟ್ಟಿಗಿತ್ತಿ ಇದ್ದಾಳೆ. ಕಾರ್ಲ್ ಬೆಂಜ್ ಎಂಬುವನು 1886ರ ಜನವರಿ 29ರಂದು ತನ್ನ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ. ಅವನ ಕಾರ್ಖಾನೆ ಮುಳುಗುವ ಹೊತ್ತಿನಲ್ಲಿ ದುಡ್ಡು ಹಾಕಿದವಳು ಬರ್ತಾ. ಮದುವೆಗೆ ಮೊದಲೇ ತನ್ನ ವರದಕ್ಷಿಣೆಯ ಹಣ ತರಿಸಿ ಕೊಟ್ಟಳು. ಗಾಡಿಯೇನೋ ತಯಾರಾಯಿತು, ಕೊಳ್ಳುವವರಿಲ್ಲ. ದೂರ ಹೋದೀತೆಂಬ ನಂಬಿಕೆ ಯಾರಿಗೂ ಇಲ್ಲ. 1888ರ ಆಗಸ್ಟಿನ ಒಂದು ಬೆಳಗಿನ ಜಾವ ಬರ್ತಾ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರುಮನೆಗೆ ಹೊರಟೇಬಿಟ್ಟಳು! ಸುಮಾರು 106 ಕಿಲೋಮೀಟರು. ದಾರಿಯಲ್ಲಿ ಎಣ್ಣೆಯ ಕೊಳವೆ ಕಟ್ಟಿಕೊಂಡಾಗ ಟೊಪ್ಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಿಂದ ಕೊಂಡಳು. ಬ್ರೇಕು ಸವೆದಾಗ ಚಮ್ಮಾರನ ಕೈಯಲ್ಲಿ ಚರ್ಮ ಹೊಡೆಸಿದಳು. ಕಾರಿನಲ್ಲಿ ದೂರ ಪ್ರಯಾಣ ಮಾಡಬಹುದೆಂದು ಜಗತ್ತಿಗೆ ತೋರಿಸಿಕೊಟ್ಟದ್ದು ತವರಿಗೆ ಹೊರಟ ಒಬ್ಬ ಹೆಂಗಸು.

ಆದರೆ ಪೇಟೆಂಟ್ ಪತ್ರದಲ್ಲಿ ಬರ್ತಾಳ ಹೆಸರು ಇರಲಿಲ್ಲ. ಈ ಮಾತು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದೇ ಹಿಟ್ಟು, ಹಲವು ಅಚ್ಚು

ಗೆಳತಿಯ ಕಿರಿಯ ಮಗನಿಗೆ ಕಾರಿನ ಹುಚ್ಚು. ಶಾವಿಗೆ ಪಾಯಸದ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ಮೊಬೈಲಿನಲ್ಲಿ ಒಂದೊಂದು ಚಿತ್ರ ತೋರಿಸಿ ನನಗೆ ಪಾಠ ಮಾಡಿದ.

"ಆಂಟಿ, ಇದು ಡಬ್ಲ್ಯು 123 ಅನ್ನುವ ಸಾಲು. 1976ರ ಜನವರಿಯಲ್ಲಿ ಬಂತು, 1986ರ ಜನವರಿಯಲ್ಲಿ ಮುಗೀತು. ಹತ್ತು ವರ್ಷದಲ್ಲಿ ಸುಮಾರು 27 ಲಕ್ಷ ಕಾರು."

"123 ಅಡಿ ಅಂದರೆ ನಮ್ಮ ಮುರ್ಡೇಶ್ವರದ ಶಿವನ ಎತ್ತರ ಅಲ್ಲವೇನೋ?" ಎಂದೆ. ಪಾಪ, ನಕ್ಕ. ನಾನು ಬುದ್ಧಿವಂತಳೆಂದು ಅವನಿಗೆ ಮನದಟ್ಟಾಯಿತೆಂದು ಕಾಣುತ್ತದೆ.

ಅವನು ಹೇಳಿದ್ದನ್ನು ನಮ್ಮ ಅಡಿಗೆಮನೆಯ ಭಾಷೆಗೆ ತಂದು ಹೇಳುತ್ತೇನೆ, ಕೇಳಿ. ರಾತ್ರಿ ಅಕ್ಕಿ-ಉದ್ದು ರುಬ್ಬಿಟ್ಟ ಹಿಟ್ಟು ಒಂದೇ. ಬೆಳಿಗ್ಗೆ ತಟ್ಟೆಗೆ ಹೊಯ್ದರೆ ಇಡ್ಲಿ, ಹಲಸಿನೆಲೆಯ ಕೊಟ್ಟೆಗೆ ಹೊಯ್ದರೆ ಕೊಟ್ಟೆಕಡುಬು, ಕಾವಲಿಗೆ ಹೊಯ್ದರೆ ದೋಸೆ, ಗುಳಿಯ ಕಾವಲಿಗೆ ಹೊಯ್ದರೆ ಪಡ್ಡು. ಈ ಕಾರಿನ ಕತೆಯೂ ಅದೇ. ಎಂಜಿನ್ನು, ಗೇರು, ಗಾಲಿ, ಮುಂಭಾಗ ಹೆಚ್ಚುಕಡಿಮೆ ಒಂದೇ. ಮೈಯ ಅಚ್ಚು ಬೇರೆ ಬೇರೆ.

ಮೊದಲನೆಯದು ನಾಲ್ಕು ಬಾಗಿಲಿನ ಸೆಡಾನ್. ದಿನನಿತ್ಯದ ಇಡ್ಲಿ ಇದ್ದ ಹಾಗೆ. ಒಟ್ಟು ಕಾರುಗಳಲ್ಲಿ 23 ಲಕ್ಷಕ್ಕೂ ಹೆಚ್ಚು ಇದೇ. ಜರ್ಮನಿಯಲ್ಲಿ ಟ್ಯಾಕ್ಸಿಯವರು, ಡಾಕ್ಟರರು, ರೈತರು ಎಲ್ಲರೂ ಇದನ್ನು ಕೊಂಡರು. ಬಂದ ಹೊಸತರಲ್ಲಿ ಎಷ್ಟು ಕಾಯಬೇಕಾಗಿತ್ತೆಂದರೆ, ಒಂದು ವರ್ಷ ಓಡಿಸಿದ ಕಾರನ್ನು ಹೊಸದಕ್ಕಿಂತ ಹೆಚ್ಚು ಬೆಲೆಗೆ ಮಾರುತ್ತಿದ್ದರಂತೆ.

ಎರಡನೆಯದು 1977ರ ಕೂಪೆ. ಎರಡೇ ಬಾಗಿಲು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ಸೆಡಾನಿಗಿಂತ ಎಂಟೂವರೆ ಸೆಂಟಿಮೀಟರು ಕಡಿಮೆ, ಮಾಡೂ ತಗ್ಗು. ಪಕ್ಕದ ಗಾಜುಗಳನ್ನೆಲ್ಲ ಇಳಿಸಿದರೆ ನಡುವೆ ಕಂಬವೇ ಇಲ್ಲ. ನೋಡಲಿಕ್ಕೆ ಬಲು ಚೆಂದ. ಆದರೆ ಹಿಂದಿನ ಸೀಟಿಗೆ ಹೋಗಲು ಮುಂದಿನವರು ಏಳಬೇಕು. ಸೀರೆ ಉಟ್ಟ ಅತ್ತೆಯವರನ್ನು ಅದರೊಳಗೆ ಹತ್ತಿಸುವ ಸಾಹಸ ನನಗಂತೂ ಬೇಡ!

ಮೂರನೆಯದು ಉದ್ದನೆಯ ಲಿಮೋಸಿನ್. ಸೆಡಾನನ್ನೇ 63 ಸೆಂಟಿಮೀಟರು ಹಿಗ್ಗಿಸಿದ್ದು. ಮೂರು ಸಾಲು ಸೀಟು. ಹೋಟೆಲಿನವರು, ವಿಮಾನ ನಿಲ್ದಾಣದವರು, ರಾಯಭಾರ ಕಚೇರಿಯವರು ಕೊಳ್ಳುತ್ತಿದ್ದುದು. ಅಂಥವು ಹದಿಮೂರು ಸಾವಿರ ಚಿಲ್ಲರೆ ಮಾತ್ರ.

ನಾಲ್ಕನೆಯದೇ ನಮ್ಮ ಶೆಡ್ಡಿನಲ್ಲಿ ನಿಂತದ್ದು, ಎಸ್ಟೇಟ್. ಕಂಪೆನಿ ಇದನ್ನು "ಟಿ" ಎಂದು ಕರೆಯಿತು. 1977ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ತೋರಿಸಿ, 1978ರಿಂದ ಬ್ರೆಮೆನ್ ಎಂಬ ಊರಿನಲ್ಲಿ ಮಾಡಿದರು. ಸುಮಾರು ಎರಡು ಲಕ್ಷ ಆದವು. ಮಾಡು ಹಿಂದಿನವರೆಗೂ ಚಾಚಿದೆ. ಹಿಂದಿನ ಸೀಟಿನ ಒಂದು ಪಾಲು ಮಡಚಿ, ಇನ್ನೊಂದು ಪಾಲನ್ನು ಕೂರಲಿಕ್ಕೆ ಬಿಡಬಹುದು. ಮಡಚಿದರೆ ಒಳಗೆ ಚಾಪೆ ಹಾಸಿದ ಹಾಗೆ ಸಪಾಟು ಜಾಗ. ಹಿಂದಿನ ಗಾಲಿಗಳ ಮೇಲೆ ಎಣ್ಣೆ ಮತ್ತು ಗಾಳಿಯ ಒತ್ತಡದಿಂದ ಕೆಲಸ ಮಾಡುವ ವ್ಯವಸ್ಥೆಯೊಂದಿದೆ. ಎಷ್ಟೇ ಭಾರ ಹಾಕಿದರೂ ಕಾರಿನ ಬೆನ್ನು ಕುಗ್ಗುವುದಿಲ್ಲ.

ಐದನೆಯದು ಅರ್ಧ ಮೈಯ ಕಾರು. ಮುಂದಿನ ಭಾಗ ಮಾತ್ರ ಮುಗಿಸಿ, ಹಿಂದೆ ಬರಿಯ ಅಡಿಪಾಯ ಬಿಟ್ಟು, ಬಿಂಜ್, ಮೀಸನ್ ಮೊದಲಾದ ಮೈಕಟ್ಟುವ ಕಂಪೆನಿಗಳಿಗೆ ಕೊಡುತ್ತಿದ್ದರು. ಅವರು ಅದರ ಮೇಲೆ ಆಂಬುಲೆನ್ಸನ್ನೋ ಹೆಣ ಒಯ್ಯುವ ಗಾಡಿಯನ್ನೋ ಕಟ್ಟಿಕೊಳ್ಳುತ್ತಿದ್ದರು. ಅಂಥವು ಎಂಟು ಸಾವಿರ ಚಿಲ್ಲರೆ.

ಎಂಜಿನ್ನಿನ ಮಾತು ಹೆಚ್ಚು ಬೇಡ. ಇದರ ಡೀಸೆಲ್ ಎಂಜಿನ್ನುಗಳು ಬಹಳ ನಿಧಾನಿ. 200ಡಿ ಎಂಬುದು ಗಂಟೆಗೆ ನೂರು ಕಿಲೋಮೀಟರು ವೇಗಕ್ಕೇರಲು ಸುಮಾರು ಅರ್ಧ ನಿಮಿಷ ಬೇಕು. ಆದರೆ ಬಾಳಿಕೆ ಎಂದರೆ ಬಾಳಿಕೆ. ಇದಕ್ಕೂ ಹಿಂದಿನ ಸಾಲಿನ ಒಂದು 240ಡಿ ಕಾರನ್ನು ಗ್ರೀಸ್ ದೇಶದ ಗ್ರೆಗೋರಿಯೊಸ್ ಸಾಖಿನಿಡಿಸ್ ಎಂಬ ಟ್ಯಾಕ್ಸಿ ಡ್ರೈವರು 46 ಲಕ್ಷ ಕಿಲೋಮೀಟರು ಓಡಿಸಿದ. 2004ರಲ್ಲಿ ಕಂಪೆನಿಯೇ ಅದನ್ನು ತನ್ನ ವಸ್ತುಸಂಗ್ರಹಾಲಯಕ್ಕೆ ಕೇಳಿ ಪಡೆಯಿತು. ಇವುಗಳ ಡೀಸೆಲ್ ಪಂಪು ಬಾಷ್ ಕಂಪೆನಿಯದು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ನಮ್ಮ ಮೈಕೋ ಕೂಡ ಬಾಷ್ ಕಂಪೆನಿಯ ಜೊತೆಯದೇ. ಲಾರಿಯ ಪಂಪು ಬಿಚ್ಚಿ ಪಳಗಿದ ಮೇಸ್ತ್ರಿಗಳು ನಮ್ಮಲ್ಲಿದ್ದುದರಿಂದಲೇ ಸಾಹೇಬರ ಕಾರು ಇಷ್ಟು ವರ್ಷ ಭಟ್ಕಳದಲ್ಲಿ ಬದುಕಿತು.

ಆ ಮಳೆಯ ರಾತ್ರಿ

ಹುಡುಗ ಇಷ್ಟೆಲ್ಲ ಹೇಳಿ "ಕೂಪೆ ಆಗಿದ್ದರೆ ಇನ್ನೂ ಒಳ್ಳೇ ರೇಟು ಬರ್ತಿತ್ತು ಆಂಟಿ. ಅಪ್ಪ ಯಾಕೆ ಈ ಸಾಮಾನು ಗಾಡಿ ತಂದ್ರೋ" ಎಂದ.

ನಾನು ಬಟ್ಟಲು ಕೆಳಗಿಟ್ಟೆ. "ನಿನ್ನಪ್ಪ ಕೂಪೆ ತಂದಿದ್ದರೆ ನಾನು ಈಗ ಇಲ್ಲಿ ಕೂತು ಪಾಯಸ ತಿನ್ನುತ್ತಿರಲಿಲ್ಲ ಮಗಾ" ಎಂದೆ.

1990ರ ಜುಲೈ. ಹೊಸ್ತಿಲು ಕಾಣದಂಥ ಮಳೆ. ನನಗೆ ಎಂಟು ತುಂಬಿ ಹತ್ತು ದಿನ. ರಾತ್ರಿ ಹತ್ತರ ಹೊತ್ತಿಗೆ ರಕ್ತ ಹೋಗಲು ಶುರುವಾಯಿತು. ಹತ್ತಿರದ ಡಾಕ್ಟರು ನೋಡಿದವರೇ "ಇಲ್ಲಿ ಆಗುವುದಲ್ಲ, ಮಣಿಪಾಲಕ್ಕೆ ಕರೆದುಕೊಂಡು ಹೋಗಿ, ತಡ ಮಾಡಬೇಡಿ" ಎಂದರು. ಆಗ 108 ಎಲ್ಲಿತ್ತು? ಅದು ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ನಮ್ಮವರು ಕೊಡೆ ಹಿಡಿದು ಟ್ಯಾಕ್ಸಿ ಸ್ಟ್ಯಾಂಡಿಗೆ ಓಡಿದರು. ಅಷ್ಟರಲ್ಲಿ ನನ್ನ ಗೆಳತಿ ಬೇಲಿ ದಾಟಿ ಬಂದು ನನ್ನ ಮುಖ ನೋಡಿದಳು. ಏನೂ ಮಾತಾಡಲಿಲ್ಲ, ಓಡಿದಳು. ಹತ್ತು ನಿಮಿಷದಲ್ಲಿ ಕಾರು ಅಂಗಳದಲ್ಲಿತ್ತು. ಹಿಂದಿನ ಸೀಟಿನ ಒಂದು ಪಾಲು ಮಡಚಿ ಹಾಸಿಗೆ ಹಾಸಿದ್ದರು. ನಾನು ಉದ್ದಕ್ಕೆ ಮಲಗಿದೆ. ಉಳಿದ ಪಾಲಿನಲ್ಲಿ ಕೂತ ಅತ್ತೆಯವರು ನನ್ನ ಕೈ ಬಿಡಲೇ ಇಲ್ಲ. ನಮ್ಮವರು ಮುದುಡಿಕೊಂಡು ಅವರ ಪಕ್ಕ. ಮುಂದೆ ಎಡಗಡೆ ಸಾಹೇಬರು, ಬಲಗಡೆ ಇವಳು.

ಶಿರೂರು, ಒತ್ತಿನೆಣೆಯ ಏರು, ಬೈಂದೂರು, ಒಂದು ಕಡೆ ಕಡಲು ಇನ್ನೊಂದು ಕಡೆ ಹೊಳೆ ಇರುವ ಮರವಂತೆ... ನನಗೆ ಏನೂ ಕಾಣುತ್ತಿರಲಿಲ್ಲ. ಮಾಡಿನ ಮೇಲೆ ಮಳೆಯ ಸದ್ದು, ಡೀಸೆಲ್ ಎಂಜಿನ್ನಿನ ಗುಡುಗುಡು, ನಡುನಡುವೆ ಅವಳ ದನಿ. "ಬೇಡ... ಬೇಡ... ಲಾರಿ ಉಂಟು... ಈಗ ಹೋಗಿ." ಆ "ಈಗ ಹೋಗಿ" ಕೇಳಿದಾಗಲೆಲ್ಲ ಒಂದು ಲಾರಿ ಹಿಂದಾಯಿತು, ಮಣಿಪಾಲ ಒಂದಿಷ್ಟು ಹತ್ತಿರವಾಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಬೆಳಗಿನ ಜಾವ ಆಪರೇಷನ್ ಆಗಿ ಮಗಳು ಹುಟ್ಟಿದಳು. ಕುಮಟೆಯಿಂದ ಫೋನು ಮಾಡಿ ಯಾವ ಕಾರು ಕೊಳ್ಳಲಿ ಎಂದು ಕೇಳಿದವಳು ಅವಳೇ.

ನಾನೊಬ್ಬಳೇ ಅಲ್ಲ. ಆಮೇಲೆ ಆ ಕಾರು ಎಷ್ಟು ಬಸುರಿಯರನ್ನು, ಹಾವು ಕಚ್ಚಿದವರನ್ನು, ಎದೆನೋವಿನವರನ್ನು ಹೊತ್ತಿತೋ ಲೆಕ್ಕ ಇಟ್ಟವರಿಲ್ಲ. ಇಂದಿಗೂ ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವೆಗೋ ಓಡುವುದು ತಪ್ಪಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಇದೇ ದಾರಿಯಲ್ಲಿ ಶಿರೂರಿನ ಟೋಲ್ ಹತ್ತಿರ ಮಳೆಯಲ್ಲಿ ಮಗುಚಿ ನಾಲ್ವರು ಹೋದರು. ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಆಗ ಊರೂರಲ್ಲಿ ಕೂಗೆದ್ದಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅದೇ ದಾರಿ, ಅಂಥದೇ ಮಳೆ, ಅದೇ ಜುಲೈ.

ಕಾಗದ ಯಾರ ಹೆಸರಿನಲ್ಲಿ?

ಕತೆ ಮುಗಿದಾಗ ಹುಡುಗರಿಬ್ಬರೂ ಸುಮ್ಮನಿದ್ದರು. ಅವರಿಗೆ ಗೊತ್ತೇ ಇರಲಿಲ್ಲ ನೋಡಿ. ಆಗ ದೊಡ್ಡವ ನಾಲ್ಕು ವರ್ಷದವ, ಸಣ್ಣವ ಹುಟ್ಟಿರಲೇ ಇಲ್ಲ. ಆದರೆ ಸೋದರಿಯರೇ, ಬರಿಯ ನೆನಪಿನಿಂದ ಮನೆಯ ವ್ಯವಹಾರ ಬಗೆಹರಿಯುವುದಿಲ್ಲ. "ಕಾಗದ ತೆಗೆಯಿರಿ ನೋಡುವಾ" ಎಂದೆ.

ಆರ್‌ಸಿ ಪುಸ್ತಕ ಸಾಹೇಬರ ಹೆಸರಿನಲ್ಲೇ ಇತ್ತು. ಖಾಸಗಿ ಕಾರಿನ ನೋಂದಣಿ ಮೊದಲ ಸಲ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಇದರದು 2023ಕ್ಕೆ ಮುಗಿದಿತ್ತು. ಅವರು ಹೋದ ವರ್ಷವೇ. ಹೆಸರು ಬದಲಾಯಿಸಲಿಲ್ಲ, ವಿಮೆಯೂ ಇಲ್ಲ. ಹೀಗಿರುವಾಗ ಮಾರುವುದೂ ಆಗದು, ಕ್ರಮವಾಗಿ ಗುಜರಿಗೆ ಒಪ್ಪಿಸುವುದೂ ಆಗದು. ಎರಡಕ್ಕೂ ವಾರಸುದಾರರೆಲ್ಲರ ಒಪ್ಪಿಗೆ ಬೇಕು. ವಾರಸುದಾರರಲ್ಲಿ ಮೊದಲು ಲೆಕ್ಕಕ್ಕೆ ಬರಬೇಕಾದವಳು ಅಡಿಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು!

"ಬಾರೇ ಇಲ್ಲಿ" ಎಂದು ಕರೆದೆ. "ಇವರಿಬ್ಬರೂ ಮೂರು ದಿನದಿಂದ ಜಗಳ ಆಡ್ತಿದ್ದಾರಲ್ಲ, ನಿನ್ನ ಸಹಿ ಇಲ್ಲದೆ ಒಂದು ಗಾಲಿಯೂ ಹೊರಗೆ ಹೋಗುವುದಿಲ್ಲ. ನಿನಗೆ ಎಂತ ಬೇಕು ಹೇಳು."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಬಹಳ ಹೊತ್ತು ಮಾತಾಡಲಿಲ್ಲ. ನಾನು ಉಳಿಸಿಕೋ ಎಂದು ಹೇಳಲಿಲ್ಲ. ಅದು ಸುಲಭದ ಮಾತೂ ಅಲ್ಲ. ಹದಿನೈದು ವರ್ಷ ದಾಟಿದ ಆಮದು ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 40,000 ರೂಪಾಯಿ ಆಗಿತ್ತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿಗಳ ಶುಲ್ಕ ಇನ್ನೂ ಏರಿತು. ಐವತ್ತು ವರ್ಷ ತುಂಬಿದ ಕಾರಾದರೆ 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ಅದಕ್ಕೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಪ್ರದರ್ಶನ, ರ‍್ಯಾಲಿ ಅಂಥದಕ್ಕೆ ಮಾತ್ರ ಹೊರಗೆ ತರಬೇಕು, ದಿನನಿತ್ಯಕ್ಕೆ ಓಡಿಸುವಂತಿಲ್ಲ. ಈ ಕಾರಿಗೆ ಐವತ್ತು ತುಂಬುವುದು 2032ರಲ್ಲಿ. ಇದನ್ನೆಲ್ಲ ಹುಡುಗ ಮೊಬೈಲು ನೋಡಿ ಓದಿದ, ಅವಳು ಬೆರಳೆಣಿಸಿ ಕೇಳಿದಳು.

ಕೊನೆಗೆ ಅವಳು ಹೇಳಿದ್ದು ಇಷ್ಟು: "ಮೊದಲು ನನ್ನ ಹೆಸರಿಗೆ ಮಾಡಿಸಿ. ಪೇಟೆಯ ಅಂಗಡಿ ಬಾಡಿಗೆ ನನ್ನದೇ ಉಂಟು, ಖರ್ಚು ನಾನೇ ಕೊಡ್ತೇನೆ. ಇಡುವುದಾ ಬಿಡುವುದಾ ಮತ್ತೆ ನೋಡುವ. ಮಾರುವುದಾದ್ರೂ ನಾನೇ ಮಾರ್ತೇನೆ."

ಬರ್ತಾ ಬೆಂಜಳಿಗೆ ಪೇಟೆಂಟ್ ಪತ್ರದಲ್ಲಿ ಜಾಗ ಸಿಗಲಿಲ್ಲ. ಭಟ್ಕಳದ ನನ್ನ ಗೆಳತಿಗೆ ಆರ್‌ಸಿ ಪುಸ್ತಕದಲ್ಲಿ ಸಿಗುತ್ತದೆ. ಮೂವತ್ತು ವರ್ಷ ಬಲಗಡೆಯ ಸೀಟಿನಲ್ಲಿ ಕೂತು ದಾರಿ ಹೇಳಿದವಳಿಗೆ ಅಷ್ಟೂ ಬೇಡವೇ?

ಮಧ್ಯಾಹ್ನ ಮೇಸ್ತ್ರಿ ಬಂದು ಹೊಸ ಬ್ಯಾಟರಿ ಕೂರಿಸಿ, ಹಳೆಯ ಡೀಸೆಲ್ ತೆಗೆದು ಹೊಸದು ಹಾಕಿದ. ಕೀಲಿ ತಿರುಗಿಸಿ, ಎದುರಿನ ಹಳದಿ ದೀಪ ಆರುವವರೆಗೆ ಕಾದ. ಡೀಸೆಲ್ ಎಂಜಿನ್ನನ್ನು ಹಾಗೆ ಬಿಸಿ ಮಾಡಿಕೊಳ್ಳಬೇಕಂತೆ. ಎರಡು ಸಲ ಕೆಮ್ಮಿ ಹೊರಟೇಬಿಟ್ಟಿತು! ಅದೇ ಗುಡುಗುಡು. ಈಗ ಕೀಲಿ ತೆಗೆದರೆ, ಎಂಜಿನ್ನು ನಿಲ್ಲಲೊಲ್ಲದು. ನಾವು ಹೆದರಿ ಅಂಗಳಕ್ಕೆ ಬಂದೆವು. ಈ ಕಾರಿನ ಡೀಸೆಲ್ ಎಂಜಿನ್ನು ನಿಲ್ಲುವುದು ಗಾಳಿ ಎಳೆಯುವ ಸಣ್ಣ ಕೊಳವೆಯ ಮೂಲಕ. ಶೆಡ್ಡಿನ ಇಲಿ ಅದನ್ನು ಕಡಿದು ಹಾಕಿತ್ತು. ಮೇಸ್ತ್ರಿ ನಗುತ್ತ ಬಾನೆಟ್ ತೆರೆದು, ಎಂಜಿನ್ನಿನ ಮೇಲಿನ ನಿಲ್ಲಿಸುವ ಕಡ್ಡಿ ಒತ್ತಿದ. ಸದ್ದು ನಿಂತಿತು.

"ಅದಕ್ಕೂ ಹೋಗಲಿಕ್ಕೆ ಮನಸ್ಸಿಲ್ಲ ನೋಡು" ಎಂದು ಹೇಳಿ ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಮಗಳಿಗೆ ಹೇಳಿದ್ದು, ನಿಮಗೂ

ರಾತ್ರಿ ಮನೆಗೆ ಬಂದು ಮಗಳಿಗೆ ಫೋನು ಮಾಡಿದೆ. "ಸೆಡಾನೋ ಎಸ್‌ಯುವಿಯೋ ಅಂತ ಮೊದಲೇ ಕೇಳಬೇಡ. ಅದರೊಳಗೆ ಯಾರು ಯಾರು ಕೂರುವವರು, ಯಾರು ಮಲಗಬೇಕಾಗಿ ಬಂದೀತು, ಯಾರು ಓಡಿಸುವವರು ಅಂತ ಬರೆದಿಡು. ಅಚ್ಚು ತಾನಾಗಿ ಗೊತ್ತಾಗ್ತದೆ" ಎಂದೆ. ಅವಳ ಮಾವನವರಿಗೆ ಮಂಡಿನೋವು; ನೆಲಕ್ಕೆ ತಗ್ಗಿದ ಕಾರಿನಿಂದ ಏಳಲಾಗದು. ಶಾಲೆಗೆ ಓಡಿಸುವವಳು ಅವಳೇ. ಪೇಟೆಯ ಸಂದಿಯಲ್ಲಿ ತಿರುಗಿಸಲು ಉದ್ದನೆಯದು ಬೇಡ. ಈ ಶನಿವಾರ ಮೂವರೂ ಒಟ್ಟಿಗೆ ಹೋಗಿ ಕೂತು ನೋಡುವುದೆಂದು ಆಗಿದೆ.

ನಿಮ್ಮ ಮನೆಯಲ್ಲೂ ಕಾರಿದ್ದರೆ ಈ ನಾಲ್ಕು ಮಾತು ಕತ್ತರಿಸಿ ಇಟ್ಟುಕೊಳ್ಳಿ:

1. ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಚೀಟಿ ಎಲ್ಲಿವೆ, ಯಾರ ಹೆಸರಿನಲ್ಲಿವೆ, ಯಾವಾಗ ಮುಗಿಯುತ್ತವೆ ಎಂದು ಇವತ್ತೇ ನೋಡಿ. ಆಭರಣದ ಪೆಟ್ಟಿಗೆಯ ಹಾಗೆ ಇವೂ ನಿಮಗೆ ಗೊತ್ತಿರಬೇಕು.

2. ಒಡೆಯರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕು. ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ತಡವಾಗಿದ್ದರೆ ಹೆದರಿ ಸುಮ್ಮನಿರಬೇಡಿ, ಮರಣ ಪ್ರಮಾಣಪತ್ರ ಹಿಡಿದು ಕಚೇರಿಗೆ ಹೋಗಿ ಕೇಳಿ. ನಮಗೆ ಹೊನ್ನಾವರದಲ್ಲೇ ಕಚೇರಿ ಇದೆ, ಕೆಎ-47.

3. ವಿಮೆ ಇಲ್ಲದ, ನೋಂದಣಿ ಮುಗಿದ ಕಾರನ್ನು "ಇಲ್ಲೇ ಹತ್ತಿರ" ಎಂದು ರಸ್ತೆಗೆ ತರಬೇಡಿ. ನಿಂತ ಕಾರಿನ ಬಾನೆಟ್ಟನ್ನು ತಿಂಗಳಿಗೊಮ್ಮೆ ತೆರೆದು ಇಲಿಯ ಕಾಟ ನೋಡಿ.

4. ರೋಗಿಯನ್ನು ನಾವು ಒಯ್ದ ಹಾಗೆ ಈಗ ಒಯ್ಯಬೇಡಿ. ಬೆಲ್ಟಿಲ್ಲದೆ ಮಲಗಿಸಿ ಓಡಿಸುವುದು ಅಪಾಯ. ಮೊದಲು 108ಕ್ಕೆ ಫೋನು ಮಾಡಿ. ಅಂದು ನಮಗೆ ಬೇರೆ ದಾರಿ ಇರಲಿಲ್ಲ, ಅಷ್ಟೇ.

ಗೆಳತಿಯ ಅರ್ಜಿ ಕಚೇರಿಗೆ ಹೋಗಿದೆ. ಮೊನ್ನೆ ಫೋನಿನಲ್ಲಿ ಹೇಳಿದಳು: ಸಣ್ಣ ಮಗ ರಜೆ ಮುಗಿಸಿ ಹೊರಡುವ ಮೊದಲು ಕಾರನ್ನು ಅಂಗಳದಲ್ಲೇ ನಾಲ್ಕು ಮಾರು ಹಿಂದೆ ಮುಂದೆ ಓಡಿಸಿದನಂತೆ. ಇವಳು ಅಭ್ಯಾಸಬಲದಿಂದ ಬಲಗಡೆ ಹೋಗಿ ಕೂತಳಂತೆ. "ಅಮ್ಮಾ, ಬಾವಿಕಟ್ಟೆ ಕಾಣ್ತದಾ?" ಎಂದು ಅವ ಕೇಳಿದನಂತೆ.

ಕೇಳಲು ಕಲಿತನಲ್ಲ, ಅಷ್ಟು ಸಾಕು. ಏನಂತೀರಿ?